ಪುನರ್ಪುಳಿ ಬಾಟಲಿಯಲ್ಲಿ ಉಳಿದ ಕೆಂಪು

ಹೋದ ತಿಂಗಳು ಆಫೀಸಿನ ಕೆಲಸದ ಮೇಲೆ ಕೋಲ್ಕತ್ತಾಕ್ಕೆ ಹೋದವನು, ಕಸ್ಬಾದಲ್ಲಿ ನಾನು ಹಿಂದೆ ಕೆಲಸ ಮಾಡುತ್ತಿದ್ದ ನೀರು ಪರೀಕ್ಷೆಯ ಪ್ರಯೋಗಾಲಯಕ್ಕೂ ಹೋಗಿಬಂದೆ. ವರಾಂಡದ ಮೂಲೆಯಲ್ಲಿ, ಕಾಲು ಮುರಿದ ಕುರ್ಚಿಗಳ ಪಕ್ಕ, ನಮ್ಮ ಹಳೆಯ ಸ್ಪೆಕ್ಟ್ರೋ ಕೂತಿತ್ತು. ಹೊಸದು ಬಂದಿದೆಯಂತೆ, ಇದು ಗುಜರಿಗೆ ಹೋಗುವ ದಾರಿ ಕಾಯುತ್ತಿತ್ತು. ಪ್ಲಾಸ್ಟಿಕ್ ಹೊದಿಕೆ ಸರಿಸಿ ನೋಡಿದೆ. ಮುಚ್ಚಳದ ಅಂಚಿನಲ್ಲಿ ವಿಶ್ವಕರ್ಮ ಪೂಜೆಯ ಸಿಂಧೂರದ ಬೊಟ್ಟು ಇನ್ನೂ ಇತ್ತು. ಎಷ್ಟೋ ವರ್ಷಗಳ ಬೊಟ್ಟುಗಳು ಒಂದರ ಮೇಲೊಂದು ಕೂತು ಕಂದು ಬಣ್ಣಕ್ಕೆ ತಿರುಗಿದ್ದವು. ಬಗ್ಗಿ ಮೂಸಿದೆ. ಧೂಪದ ವಾಸನೆ ನಿಜವಾಗಿ ಬಂತೋ, ಬರಬೇಕೆಂದು ನಾನೇ ತಂದುಕೊಂಡೆನೋ ಹೇಳಲಾರೆ. ಹೆಂಡತಿ ವೀಣಾ ತೀರಿಕೊಂಡ ವರ್ಷದ ಮಳೆಗಾಲ ಮಾತ್ರ ಅಲ್ಲೇ ನಿಂತ ಹಾಗೆ ನೆನಪಾಯಿತು.

ಸ್ಪೆಕ್ಟ್ರೋ ಅಂದರೆ ದೊಡ್ಡ ಮಾಯೆಯೇನಲ್ಲ. ಒಂದು ದೀಪ, ಎದುರಿಗೆ ಬೆಳಕನ್ನು ಅಳೆಯುವ ಒಂದು ಕಣ್ಣು, ನಡುವೆ ಬೆರಳಿನಷ್ಟು ದಪ್ಪದ ಚೌಕ ಗಾಜಿನ ನಳಿಗೆ. ನಳಿಗೆಯಲ್ಲಿ ನೀರು ಹಾಕಿ ಬೆಳಕು ಬಿಟ್ಟರೆ, ನೀರಿನಲ್ಲಿ ಕರಗಿದ್ದು ಒಂದಿಷ್ಟು ಬೆಳಕನ್ನು ನುಂಗುತ್ತದೆ. ಎಷ್ಟು ನುಂಗಿತು ಎಂಬುದರಿಂದ ಎಷ್ಟು ಕರಗಿದೆ ಎಂದು ಹೇಳುತ್ತೇವೆ. ಜಿಲ್ಲೆಗಳಿಂದ ಬರುವ ಕೊಳವೆಬಾವಿ ನೀರಿನಲ್ಲಿ ಕಬ್ಬಿಣ ಎಷ್ಟು, ನೈಟ್ರೇಟ್ ಎಷ್ಟು ಎಂದು ನೋಡುವುದು ಆಗ ನನ್ನ ಕೆಲಸ. ಆದರೆ ಅದಕ್ಕೂ ಮೊದಲು ಮಾಡಲೇಬೇಕಾದದ್ದೊಂದಿದೆ. ಏನೂ ಕರಗಿರದ ಶುದ್ಧ ನೀರನ್ನು ಇಟ್ಟು, ‘ಇದು ಸೊನ್ನೆ’ ಎಂದು ಯಂತ್ರಕ್ಕೆ ಕಲಿಸಬೇಕು. ಆ ನೀರಿಗೆ ಬ್ಲ್ಯಾಂಕ್ ಎನ್ನುತ್ತೇವೆ. ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿರುತ್ತದೆ.

ಪುತ್ತೂರಿನ ಕಡೆಯ ನಾವು ಆಗ ಕೋಲ್ಕತ್ತಾದ ಬೆಹಾಲಾದಲ್ಲಿ ಒಂದು ಫ್ಲ್ಯಾಟಿನಲ್ಲಿದ್ದೆವು. ನಾನು, ವೀಣಾ, ಆರನೇ ಕ್ಲಾಸಿನ ಮಗಳು ಇಳಾ. ಮೇ ತಿಂಗಳಲ್ಲಿ ಊರಿಗೆ ಹೋಗಿ ಬಂದೆವು. ಬರುವಾಗ ವೀಣಾ ಒಂದು ಬಾಟಲಿ ಪುನರ್ಪುಳಿ ಪಾಕ ತಂದಳು, ಕೋಕಂ ಎನ್ನುತ್ತಾರಲ್ಲ, ಆ ಹುಳಿಹಣ್ಣಿನದು. ತಾನೇ ಹಣ್ಣು ಹಿಂಡಿ, ಸಕ್ಕರೆ ಹಾಕಿ ಮಾಡಿದ್ದು, ಕಡು ಕೆಂಪು. ರೈಲಿನಲ್ಲಿ ಸೋರಬಾರದೆಂದು ನನ್ನ ಎರಡು ಬನಿಯನ್ನಿನಲ್ಲಿ ಸುತ್ತಿ ತಂದಿದ್ದಳು, ಹೌರಾದಲ್ಲಿ ಇಳಿಯುವಾಗ ಎರಡೂ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಬಂದು ಹೆಚ್ಚು ದಿನ ಆಗಿರಲಿಲ್ಲ, ಜೂನ್ ಶುರುವಾಗಿತ್ತಷ್ಟೆ. ಅಡುಗೆಮನೆಯಲ್ಲಿ ನಿಂತಿದ್ದವಳು ತಲೆನೋವು ಎಂದು ಸ್ಟೂಲಿನ ಮೇಲೆ ಕೂತಳು. ಮಿದುಳಿನ ರಕ್ತನಾಳ ಒಡೆದಿತ್ತು. ಆಸ್ಪತ್ರೆಯಿಂದ ಅವಳು ಮನೆಗೆ ಬರಲಿಲ್ಲ.

ನನಗೆ ದುಃಖವಾಗಲಿಲ್ಲ. ಇದನ್ನು ಹೀಗೆ ಬರೆದರೆ ಓದುವವರಿಗೆ ಕೆಟ್ಟದೆನಿಸಬಹುದು, ಆದರೆ ಇದ್ದದ್ದು ಹಾಗೆಯೇ. ಜನ ಬಂದರು, ಅತ್ತರು; ನಾನು ಅವರಿಗೆಲ್ಲ ಚಹಾ ಮಾಡಿಕೊಟ್ಟೆ. ಹಲ್ಲು ಕೀಳುವಾಗ ಡಾಕ್ಟರು ಇಂಜೆಕ್ಷನ್ ಕೊಟ್ಟ ದವಡೆ ಇರುತ್ತದಲ್ಲ, ಮೈಮನಸ್ಸೆಲ್ಲ ಆ ದವಡೆಯ ಹಾಗಿತ್ತು. ಮಳೆ ಶುರುವಾಯಿತು. ಬೆಹಾಲಾದ ನಮ್ಮ ಗಲ್ಲಿಯಲ್ಲಿ ಮೊಣಕಾಲು ನೀರು ನಿಂತರೆ ಪ್ಯಾಂಟು ಮಡಚಿ ದಾಟಿದೆ, ನಿಲ್ಲದಿದ್ದರೆ ಹಾಗೆಯೇ ನಡೆದೆ. ಬಸ್ಸು ಹತ್ತಿದೆ, ಇಳಿದೆ. ಪ್ರಯೋಗಾಲಯದಲ್ಲಿ ಮಾತ್ರ ನನ್ನ ಕೆಲಸ ಎಂದಿಲ್ಲದಷ್ಟು ಚೊಕ್ಕವಾಗಿತ್ತು. ಒಂದೇ ನೀರನ್ನು ಮೂರು ಸಲ ಇಟ್ಟರೆ ಮೂರು ಸಲವೂ ಅದೇ ಅಂಕಿ. ಕೈ ನಡುಗುವ ಕಾರಣವೇ ಇರಲಿಲ್ಲವಲ್ಲ.

ಇಳಾ ಶಾಲೆಯಿಂದ ಬಂದು ಕೆಳಗಿನ ಮನೆಯ ಬಂಗಾಳಿ ಚಿಕ್ಕಮ್ಮ ಮಾಶಿಮಾ ಹತ್ತಿರ ಇರುತ್ತಿದ್ದಳು. ಆ ಹೆಂಗಸು ಅವಳಿಗೆ ಜಡೆ ಹಾಕಿ, ಮೀನು ತಿನ್ನದ ಮಗುವೆಂದು ಮರುಗಿ, ಪೂರಿಯಂಥ ಲೂಚಿ ಕರಿದು ಕೊಡುತ್ತಿದ್ದರು. ಸಂಜೆ ನಾನು ಹೋಗಿ ಕರೆದುಕೊಂಡು ಬರುತ್ತಿದ್ದೆ. ಅನ್ನ, ಸಾರು, ಟೀವಿ, ನಿದ್ದೆ. ಇಳಾ ಫ್ರಿಜ್ಜಿನಿಂದ ವೀಣಾ ತಂದ ಬಾಟಲಿ ತೆಗೆದು ಲೋಟಕ್ಕೆ ಒಂದಿಷ್ಟು ಶರಬತ್ತು ಬಗ್ಗಿಸಿಕೊಳ್ಳುವುದನ್ನು ದಿನವೂ ನೋಡುತ್ತಿದ್ದೆ. ಫ್ರಿಜ್ಜಿನ ಬಾಗಿಲಲ್ಲಿ ಬಾಟಲಿ ಯಾವಾಗಲೂ ಕುತ್ತಿಗೆಯವರೆಗೆ ತುಂಬಿರುತ್ತಿತ್ತು. ಅದೂ ಕಾಣುತ್ತಿತ್ತು. ಆದರೂ ಯಾಕೆ ಹಾಗೆ ಎಂದು ತಲೆಗೆ ಹೊಳೆಯಲಿಲ್ಲ. ಏನೂ ಕಡಿಮೆಯಾಗುವುದಿಲ್ಲ, ಏನೂ ಹೆಚ್ಚಾಗುವುದಿಲ್ಲ ಎಂದು ಒಪ್ಪಿಕೊಂಡುಬಿಟ್ಟಿದ್ದೆನೋ ಏನೋ.

ಆಗಸ್ಟಿನಲ್ಲಿ ಊರಿನಿಂದ ಅಕ್ಕ ಫೋನು ಮಾಡಿದಳು.

“ಹೆಣ್ಣು ಮಗು ಮಾರಾಯ, ದೊಡ್ಡವಳಾಗ್ತಾ ಬಂತು. ನೀನೊಬ್ಬ ಎಂತ ಮಾಡ್ತಿ ಅಲ್ಲಿ? ದುರ್ಗಾಪೂಜೆ ರಜೆಗೆ ನಾನೇ ಬಂದು ಕರ್ಕೊಂಡು ಬರ್ತೇನೆ. ಇಲ್ಲಿ ಶಾಲೆಯಲ್ಲಿ ಮಾತಾಡಿ ಆಗಿದೆ.”

“ಆಯ್ತು ಅಕ್ಕ” ಎಂದೆ.

“ಯೋಚನೆ ಮಾಡಿ ಹೇಳು.”

“ಮಾಡುದಕ್ಕೆಂತ ಉಂಟು. ಆಯ್ತು.”

ಊಟದ ಹೊತ್ತಿಗೆ ಇಳಾಗೆ ಹೇಳಿದೆ. ಪೂಜೆಗೆ ಅತ್ತೆ ಬರುತ್ತಾರೆ, ನೀನು ಅವರ ಜೊತೆ ಪುತ್ತೂರಿಗೆ ಹೋಗುವುದು, ಅಲ್ಲೇ ಶಾಲೆ. ಅವಳು ತಟ್ಟೆಯಿಂದ ಕಣ್ಣೆತ್ತದೆ “ಹೂಂ” ಎಂದಳು. ಅಳಲಿಲ್ಲ, ಹಟ ಮಾಡಲಿಲ್ಲ. ಸುಲಭದಲ್ಲಿ ಮುಗಿಯಿತು ಎಂದುಕೊಂಡು ನಾನು ಮಜ್ಜಿಗೆ ಬಡಿಸಿಕೊಂಡೆ.

ಸೆಪ್ಟೆಂಬರಿನಲ್ಲಿ ವಿಶ್ವಕರ್ಮ ಪೂಜೆ ಬಂತು. ನಮ್ಮ ಕಡೆಯ ಆಯುಧ ಪೂಜೆಯ ಹಾಗೆಯೇ, ಆದರೆ ಅಲ್ಲಿ ಅದರ ಗಮ್ಮತ್ತೇ ಬೇರೆ. ಆನೆಯ ಮೇಲೆ ಕೂತ ವಿಶ್ವಕರ್ಮನ ಮೂರ್ತಿ ತರುತ್ತಾರೆ, ಊರಿನ ಆಕಾಶದ ತುಂಬ ಗಾಳಿಪಟ. ಅವತ್ತು ಯಾವ ಯಂತ್ರವೂ ಓಡಬಾರದು, ಅವಕ್ಕೂ ವಿಶ್ರಾಂತಿ. ನಮ್ಮಲ್ಲಿ ಪೂಜೆಯ ಉಸ್ತುವಾರಿ ತಪನ್‌ದಾ ಅವರದು. ನನ್ನ ಪಕ್ಕದ ಮೇಜಿನ ಸಹೋದ್ಯೋಗಿ, ನಿವೃತ್ತಿಗೆ ಹತ್ತಿರವಾದವರು. ವರ್ಷವಿಡೀ ‘ವಿಜ್ಞಾನಿಗೆ ದೇವರೇನು’ ಎಂದು ವಾದ ಮಾಡುವ ಮನುಷ್ಯ ಆ ಒಂದು ದಿನ ರೇಷ್ಮೆ ಕುರ್ತಾ ತೊಟ್ಟು, ಒಲೆಯಿಂದ ಹಿಡಿದು ತಕ್ಕಡಿಯವರೆಗೆ ಪ್ರತಿಯೊಂದಕ್ಕೂ ಬೊಟ್ಟಿಡಿಸಿ, ಹೂವಿಟ್ಟರೇ ಎಂದು ತಿರುಗಿ ನೋಡಿ ಬರುತ್ತಿದ್ದರು.

ಆ ದಿನ ಮಾಶಿಮಾ ಮಗಳ ಮನೆಗೆ ಹೋಗಿದ್ದರಿಂದ ಇಳಾಳನ್ನು ಜೊತೆಗೆ ಕರೆದೊಯ್ದೆ. ಮನೆಮಂದಿಯನ್ನೆಲ್ಲ ಕರೆತರುವ ರೂಢಿ ಹೇಗೂ ಇತ್ತು. ಪೂಜೆ ಆಯಿತು, ಧೂಪದ ಹೊಗೆಯಲ್ಲಿ ಎಲ್ಲರೂ ಕೆಮ್ಮಿ ಆಯಿತು, ಬಾಳೆಲೆಯ ಮೇಲೆ ಖಿಚುಡಿ, ತರಕಾರಿಯ ಲಾಬ್ಡಾ, ಟೊಮೆಟೊ ಚಟ್ನಿ ಬಡಿಸಿ ಆಯಿತು. ಎಲ್ಲರೂ ಗಾಳಿಪಟ ನೋಡಲು ಮಹಡಿಗೆ ಹೋದಾಗ ಇಳಾ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಶಾಲೆಯ ಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದಳು. ಕೆಮ್ಮಿನ ಔಷಧಿಯ ಹಳೆಯ ಬಾಟಲಿ. ಒಳಗೆ ನೀರಿನಂಥದ್ದು ಏನೋ.

“ಅಪ್ಪಾ, ನಿಮ್ಮ ಮಷೀನಿನಲ್ಲಿ ಇದು ನೋಡ್ಲಿಕ್ಕಾಗ್ತದಾ?”

“ಎಂತ ಇದು?”

“ಶರಬತ್ತು. ಅಮ್ಮಂದು.”

ಅದಕ್ಕೆ ಬಣ್ಣವೇ ಇರಲಿಲ್ಲ. ಹಾಗೆಂದೆ.

“ನಾನು ಪಾನಿ ಹಾಕ್ತೇನಲ್ಲ” ಎಂದಳು. ಅವಳ ಕನ್ನಡದಲ್ಲಿ ಹಿಂದಿ ಹೀಗೆಯೇ ಬಂದು ಕೂರುತ್ತಿತ್ತು. “ದಿನಾ ಸ್ವಲ್ಪ ಸ್ವಲ್ಪ ಕುಡಿದು, ಅಷ್ಟೇ ಪಾನಿ ಹಾಕುದು. ಸಕ್ಕರೆ ಕೂಡ. ಮುಗಿಬಾರ್ದು ಅಲ್ವಾ. ಈಗ ಇದ್ರಲ್ಲಿ ಅಮ್ಮ ಮಾಡಿದ್ದು ಕಿತ್ನಾ ಉಂಟು, ಅದು ಗೊತ್ತಾಗ್ಬೇಕು.”

“ಯಾಕೆ?”

“ಉಂಟು ಅಂತಾದ್ರೆ ಅದನ್ನು ಯಾರಾದ್ರೂ ನೋಡ್ಕೊಳ್ಬೇಕಲ್ವಾ, ನೀವು ನೋಡುದಿಲ್ಲ, ನಾನೇ ಇಲ್ಲಿ ಇರ್ಬೇಕು. ಇಲ್ಲ ಅಂತಾದ್ರೆ ನಾನು ಅತ್ತೆ ಜೊತೆ ಹೋಗ್ತೇನೆ.”

ಬೇರೆ ಯಾವ ಅಪ್ಪನಾದರೂ ಆಗಲೇ ಮಗುವನ್ನು ಅಪ್ಪಿಕೊಳ್ಳುತ್ತಿದ್ದ. ನಾನು ಸ್ವಿಚ್ಚಿಗೆ ಕೈ ಹಾಕಿದೆ. ಮಾದರಿ ಬಂದಿದೆ, ಅಳೆಯಬೇಕು, ಅಷ್ಟೇ ತಲೆಗೆ ಬಂದದ್ದು. ಕೈ ತೊಳೆಯಲು ಕೆಳಗೆ ಬಂದಿದ್ದ ತಪನ್‌ದಾ ಬಾಗಿಲಿನಿಂದಲೇ ಕೂಗಿದರು. “ಅರೇ ರಾವ್ ಬಾಬು! ಇವತ್ತು ಮಷೀನು ಮುಟ್ಟಬಾರದು!” ಇಳಾ ಅವರ ಬಳಿ ಹೋಗಿ ಬಂಗಾಳಿಯಲ್ಲಿ ಏನೋ ಹೇಳಿದಳು. ನನಗೆ ಪೂರ್ತಿ ಕೇಳಿಸಲಿಲ್ಲ, ‘ಮಾ’ ಎಂಬುದೊಂದು ಕೇಳಿಸಿತು. ತಪನ್‌ದಾ ಬಂದು ಯಂತ್ರದ ಮೇಲಿದ್ದ ಚೆಂಡುಹೂವನ್ನು ತಾವೇ ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟು, “ಮಾಡಿ, ಮಾಡಿ. ವಿಶ್ವಕರ್ಮನ ಹತ್ತಿರ ನಾನು ಮಾತಾಡಿಕೊಳ್ಳುತ್ತೇನೆ” ಎಂದು ಹಿಂದಿಯಲ್ಲಿ ಹೇಳಿದರು.

ದೀಪ ಬಿಸಿಯಾಗುವವರೆಗೆ ಕಾಯುತ್ತಾ ಇಳಾಗೆ ವಿವರಿಸಿದೆ. ಪುನರ್ಪುಳಿಯ ಕೆಂಪು ಹಸಿರು ಬೆಳಕನ್ನು ನುಂಗುತ್ತದೆ, ಆದ್ದರಿಂದ ಹಸಿರು ಬೆಳಕು ಬಿಡಬೇಕು. ಕೆಂಪು ಎಷ್ಟಿದೆಯೋ ಅಷ್ಟು ನುಂಗಿಹೋಗುತ್ತದೆ. ಅರ್ಧ ನೀರು ಹಾಕಿದರೆ ಅಂಕಿ ಅರ್ಧವಾಗುತ್ತದೆ, ಅದರಲ್ಲಿ ಮತ್ತರ್ಧ ಹಾಕಿದರೆ ಕಾಲಾಗುತ್ತದೆ.

“ಹಾಗಾದ್ರೆ ಝೀರೋ ಆಗುದೇ ಇಲ್ಲ?”

“ಲೆಕ್ಕದಲ್ಲಿ ಆಗುದಿಲ್ಲ. ಆದ್ರೆ ಒಂದು ಹಂತ ಆದ್ಮೇಲೆ ಮಷೀನಿಗೆ ಕಾಣುದಿಲ್ಲ.”

ಮೇಜಿನ ಮೇಲೆ ಶುದ್ಧ ನೀರಿನ ಬಾಟಲಿ ಎಂದಿನ ಜಾಗದಲ್ಲೇ ಇತ್ತು. ಸಪೂರ ಕೊಳವೆ ಮೂತಿಯ, ಹಿಂಡಿದರೆ ನೀರು ಚಿಮ್ಮುವ ಬಿಳಿ ಪ್ಲಾಸ್ಟಿಕ್ ಬಾಟಲಿ. ಅದರಿಂದ ನಳಿಗೆ ತುಂಬಿಸಿ, ಒರೆಸಿ, ಒಳಗಿಟ್ಟು ಸೊನ್ನೆ ಮಾಡಿದೆ. ಮಗಳ ಶರಬತ್ತನ್ನು ಸೋಸಿ ಇನ್ನೊಂದು ನಳಿಗೆಗೆ ಹಾಕಿ ಮುಚ್ಚಳ ಮುಚ್ಚಿದೆ. ಅಂಕಿ ಓಡಾಡಿ ನಿಂತಿತು. ಮುಂದೆ ಮೈನಸ್ ಚಿಹ್ನೆ.

“ಮೈನಸ್?” ಎಂದಳು ಇಳಾ. ಆ ವರ್ಷವೇ ಶಾಲೆಯಲ್ಲಿ ಕಲಿತಿದ್ದಳು. “ಝೀರೋಗಿಂತ ಕಮ್ಮಿ?”

ಅವಳು ಸ್ವಲ್ಪ ಹೊತ್ತು ಪರದೆ ನೋಡಿದಳು. “ಹೂಂ” ಎಂದಳು. ಸಣ್ಣ ಬಾಟಲಿಯ ಮುಚ್ಚಳ ತಿರುಗಿಸಿ, ಗಟ್ಟಿಯಾಗಿದೆಯೇ ನೋಡಿ, ಚೀಲದೊಳಗೆ ಇಟ್ಟುಕೊಂಡಳು. ಮುಖದಲ್ಲಿ ಏನೂ ಇರಲಿಲ್ಲ.

ಆ ‘ಹೂಂ’ ನನ್ನದು. ಮೂರು ತಿಂಗಳಿಂದ ಅಕ್ಕನಿಗೆ, ಮಾಶಿಮಾಗೆ, ಆಫೀಸಿಗೆ ನಾನು ಹೇಳುತ್ತಾ ಬಂದ ಹೂಂ. ಅದನ್ನು ನನ್ನ ಮಗಳು ನನ್ನಿಂದ ಕಲಿತಿದ್ದಾಳೆ ಎಂಬುದು ಆಗ ಗೊತ್ತಾಯಿತು. ಬಹಳ ದಿನಗಳ ಮೇಲೆ ನನಗೆ ನೋವಾದದ್ದು ಅದೇ ಮೊದಲು.

“ತಡಿ” ಎಂದೆ. “ಮೈನಸ್ ಬರ್ಲಿಕ್ಕೆ ಸಾಧ್ಯ ಇಲ್ಲ.”

ಏನೂ ಇಲ್ಲದ ನೀರಿಗಿಂತ ಕಡಿಮೆ ಇರುವ ನೀರು ಎಲ್ಲೂ ಇಲ್ಲ. ಹಾಗೆ ಬಂದರೆ ಮಾದರಿಯನ್ನಲ್ಲ, ಸೊನ್ನೆಯನ್ನು ಅನುಮಾನಿಸಬೇಕು. ಬ್ಲ್ಯಾಂಕ್ ನಳಿಗೆಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ತಳದಲ್ಲಿ ಕಂಡೂ ಕಾಣದ ಹಾಗೆ ಮಣ್ಣು ಕೂತಿತ್ತು.

“ತಪನ್‌ದಾ, ಈ ಬಾಟಲಿಯಲ್ಲಿ ಯಾವ ನೀರು?”

ತಪನ್‌ದಾ ನಾಲಗೆ ಕಚ್ಚಿಕೊಂಡರು. “ಗಂಗಾಜಲ!” ಪೂಜೆಗೆ ಯಂತ್ರಗಳ ಮೇಲೆ ಚಿಮುಕಿಸಲು ಆ ಸಪೂರ ಮೂತಿಯೇ ಒಳ್ಳೆಯದೆಂದು, ಶುದ್ಧ ನೀರು ಚೆಲ್ಲಿ, ಬೆಳಿಗ್ಗೆ ಹೂಗ್ಲಿ ನದಿಯ ಘಾಟಿನಿಂದ ತಂದ ನೀರನ್ನು ಅದರಲ್ಲಿ ತುಂಬಿಸಿದ್ದರು. ಚಿಮುಕಿಸಿ ಆದ ಮೇಲೆ ಬಾಟಲಿಯನ್ನು ಅದರ ಜಾಗಕ್ಕೇ ಇಟ್ಟಿದ್ದರು, ಶಿಸ್ತಿನ ಮನುಷ್ಯ. ಪವಿತ್ರವಾದದ್ದೇನೋ ಸರಿ, ಆದರೆ ಹೂಗ್ಲಿಯ ಕೆಸರನ್ನು ಸೊನ್ನೆ ಎಂದುಕೊಂಡ ಯಂತ್ರ ಇನ್ನೇನು ತಾನೇ ಹೇಳೀತು. ಬಾಟಲಿ ಎತ್ತಿ ನೋಡದೆಯೇ ಸುರಿದುಕೊಂಡವನು ನಾನು. ಚೊಕ್ಕ ಕೆಲಸದವನು ಎಂದು ಬೀಗುತ್ತಿದ್ದೆ ಬೇರೆ.

ಒಳಗಿನ ಕೋಣೆಯ ಕ್ಯಾನಿನಿಂದ ಹೊಸ ನೀರು ತಂದು, ನಳಿಗೆಗಳನ್ನು ತೊಳೆದು, ಮತ್ತೆ ಸೊನ್ನೆ ಮಾಡಿದೆ. ಈ ಸಲ ಮೈನಸ್ ಇಲ್ಲ. ಸೊನ್ನೆ, ಚುಕ್ಕಿ, ಮತ್ತೆ ಸೊನ್ನೆಗಳು, ತುದಿಯಲ್ಲಿ ಒಂದು ಬಡಪಾಯಿ ಅಂಕಿ.

“ಉಂಟಾ?” ಎಂದಳು ಇಳಾ.

ಉಂಟು ಎಂದುಬಿಡಬಹುದಿತ್ತು. ಆದರೆ ಅಂಥ ಅಂಕಿಯನ್ನು ನಾನು ಯಾವ ಬಾವಿಯ ನೀರಿಗೂ ನಂಬುತ್ತಿರಲಿಲ್ಲ. ಸಕ್ಕರೆಯ ಮಬ್ಬಿಗೂ ಅಷ್ಟು ಬರುತ್ತದೆ. ಆಗ ನೆನಪಾಯಿತು. ಪುನರ್ಪುಳಿಯ ಬಣ್ಣ ನಿಲ್ಲುವುದು ಹುಳಿಯಲ್ಲಿ. ನಲ್ಲಿ ನೀರು ಹಾಕಿ ಹಾಕಿ ಹುಳಿ ಸತ್ತರೆ, ಬಣ್ಣ ಅಲ್ಲೇ ಇದ್ದರೂ ಕಾಣದ ಹಾಗೆ ಅಡಗುತ್ತದೆ. ಕಬ್ಬಿಣದ ಪರೀಕ್ಷೆಗೆಂದು ಇಟ್ಟುಕೊಳ್ಳುವ ಆಸಿಡ್ಡಿನ ಸೀಸೆ ಪಕ್ಕದಲ್ಲೇ ಇತ್ತು. ಡ್ರಾಪರಿನಿಂದ ಒಂದು ತೊಟ್ಟು ನಳಿಗೆಗೆ ಬಿಟ್ಟೆ. ಅದು ಅಂಚಿಗೆ ತಾಗಿ ಹೊರಗೆ ಜಾರಿತು. ಇನ್ನೊಂದು ತೊಟ್ಟು.

ಮೊದಲು ಏನೂ ಆಗಲಿಲ್ಲ. ನಳಿಗೆ ಬೋರಲು ಮಾಡಿ ಕುಲುಕಿದೆ. ನಿಧಾನವಾಗಿ ನೀರಿನ ಬಣ್ಣ ತಿರುಗಿತು. ಕೆಂಪು ಅನ್ನುವಂತಿಲ್ಲ. ಹೌರಾದಲ್ಲಿ ಬಿಚ್ಚಿದ ನನ್ನ ಬನಿಯನ್ನಿನ ಬಣ್ಣ. ತಪನ್‌ದಾ ಕನ್ನಡಕ ಮೇಲೇರಿಸಿ ನೋಡಿ, “ಆಛೇ, ಆಛೇ” ಎಂದರು, ಇದೆ ಇದೆ ಎಂದು. ಯಂತ್ರಕ್ಕಿಟ್ಟೆ. ಈ ಸಲದ ಅಂಕಿ ಯಾವ ರಿಪೋರ್ಟಿಗೂ ಬರೆಯುವಂಥದ್ದು.

“ಉಂಟು” ಎಂದೆ.

ಇಳಾ ನಳಿಗೆಯನ್ನು ಕೈಗೆ ತೆಗೆದುಕೊಂಡಳು. ಬೆಳಕು ಹಾಯುವ ನುಣುಪು ಬದಿಗೆ ಬೆರಳು ತಾಗಿಸಬಾರದೆಂದು ನಾನು ಆಗಲೇ ಹೇಳಿದ್ದೆ. ಒರಟು ಬದಿಯನ್ನೇ ಹಿಡಿದಿದ್ದಳು. ಮಹಡಿಯ ಮೇಲೆ ಯಾರದೋ ಗಾಳಿಪಟ ಕತ್ತರಿಸಿಹೋಗಿ ‘ಭೋಕಾಟ್ಟಾ’ ಎಂದು ಕೂಗೆದ್ದಿತು. ಅವಳು ತಿರುಗಿ ನೋಡಲಿಲ್ಲ.

“ನಿಂಗೆ ಊರಿಗೆ ಹೋಗ್ಲಿಕ್ಕೆ ಇಷ್ಟ ಇರ್ಲಿಲ್ವಾ?” ಎಂದು ಕೇಳಿದೆ.

“ನೀವು ಹೋಗ್ಬೇಡ ಅಂತ ಹೇಳ್ಲೇ ಇಲ್ಲ ಅಲ್ವಾ.”

“ಹೋಗ್ಬೇಡ” ಎಂದೆ. ಮಹಡಿಯ ಗದ್ದಲದಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ. ಇನ್ನೊಮ್ಮೆ ಹೇಳಿದೆ.

ಅಕ್ಕ ದುರ್ಗಾಪೂಜೆಯ ಪಂಚಮಿಯ ದಿನ ಹೌರಾದಲ್ಲಿ ಇಳಿದಳು. ಸೇತುವೆಯ ಮೇಲೆ ಟ್ಯಾಕ್ಸಿ ಸಿಕ್ಕಿಕೊಂಡಾಗ ವಿಷಯ ಹೇಳಿದೆ. “ಎರಡು ರಾತ್ರಿ ರೈಲಿನಲ್ಲಿ ಕೂತು ಬಂದದ್ದು ನಾನು, ಈಗ ಹೇಳ್ತಿಯಲ್ಲ!” ಎಂದು ಬೈದಳು. ನಾನು ಸುಮ್ಮನೆ ಬೈಸಿಕೊಂಡೆ. ಬೈಸಿಕೊಂಡರೆ ಬೇಜಾರಾಗುತ್ತದೆ ಎಂಬುದು ಮರೆತೇ ಹೋಗಿತ್ತು, ಅವತ್ತು ಆಯಿತು. ಪೂಜೆ ಮುಗಿಯುವವರೆಗೆ ಅಕ್ಕ ನಮ್ಮಲ್ಲೇ ಇದ್ದಳು. ಮಾಶಿಮಾ ಜೊತೆ, ಭಾಷೆಯೇ ಇಲ್ಲದೆ, ಸೊಂಟನೋವಿನ ಬಗ್ಗೆ ಗಂಟೆಗಟ್ಟಲೆ ಮಾತಾಡಿದಳು. ಚೀಲದಲ್ಲಿ ತಂದಿದ್ದ ಒಣ ಪುನರ್ಪುಳಿ ಸಿಪ್ಪೆ ನೆನೆಹಾಕಿ, ಹೊಸ ಪಾಕ ಮಾಡಿ, ಬೇರೆ ಬಾಟಲಿಗೆ ತುಂಬಿಸಿಟ್ಟು ಒಬ್ಬಳೇ ಊರಿಗೆ ಹಿಂತಿರುಗಿದಳು.

ಅವಳನ್ನು ರೈಲು ಹತ್ತಿಸಿ ಬಂದ ಸಂಜೆ ಇಳಾ ಫ್ರಿಜ್ಜಿನಿಂದ ಹಳೆಯ ಬಾಟಲಿ ತೆಗೆದಳು.

“ಇನ್ನು ಪಾನಿ ಹಾಕುದಿಲ್ಲ” ಎಂದಳು. “ನಾವಿಬ್ಬರೂ ಕುಡಿದು ಮುಗಿಸುವಾ.”

ಎರಡು ಲೋಟಕ್ಕೆ ಬಗ್ಗಿಸಿದಳು. ಎರಡನ್ನೂ ಅಕ್ಕಪಕ್ಕ ಇಟ್ಟು, ಸಮ ಬಂದಿದೆಯೇ ಎಂದು ಬಗ್ಗಿ ನೋಡಿ, ಬಾಟಲಿಯಲ್ಲಿ ಉಳಿದದ್ದನ್ನು ನನ್ನದಕ್ಕೆ ಸೇರಿಸಿದಳು. ಅಡುಗೆಮನೆಯಲ್ಲಿ, ವೀಣಾ ತಲೆನೋವೆಂದು ಕೂತ ಆ ಸ್ಟೂಲಿನ ಪಕ್ಕ ನಿಂತುಕೊಂಡೇ ಕುಡಿದೆವು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಹುಳಿ ಗೊತ್ತಾಗ್ತದಾ ಅಪ್ಪಾ?”

ಹುಳಿ ಇರಲಿಲ್ಲ. ಬರೀ ತಣ್ಣಗಿನ ಸಕ್ಕರೆ ನೀರು.

“ಗೊತ್ತಾಗ್ತದೆ” ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಜೂನಿನಲ್ಲಿ ಬರಬೇಕಾಗಿದ್ದದ್ದು ಆಗ ಬಂತು. ಸ್ಟೂಲಿನ ಮೇಲೆ ಕೂತು, ತಡೆಯದೆ, ಜೋರಾಗಿ ಅತ್ತುಬಿಟ್ಟೆ. ಇಳಾ ಹೆದರಲಿಲ್ಲ. ನನ್ನ ಕೈಯಿಂದ ಲೋಟ ಬಿಡಿಸಿಕೊಂಡಳು, ಬಾಟಲಿಯ ಜೊತೆಗೆ ಅದನ್ನೂ ತೊಳೆದು ಕವುಚಿಟ್ಟಳು, ಆಮೇಲೆ ಬಂದು ಒದ್ದೆ ಕೈಯಲ್ಲೇ ನನ್ನ ತಲೆ ಹಿಡಿದುಕೊಂಡು ನಿಂತಳು.